ಐದು ಪಾಲಾದ ಹೊಣೆ: ನರಸಾಪುರದ ಸಂಬಳ, ಬ್ರಮ್ಲಿಯ ಇನ್‌ಸ್ಪೆಕ್ಟರ್

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾಯ್ದೆಗಳನ್ನು ಒಂದೇ ಪಾತ್ರೆಗೆ ಸುರಿದು, ತೊಳಸಿ, ನಾಲ್ಕು ಮುದ್ದೆ ಕಟ್ಟಿದ ಹಾಗೆ. ಅಂದಿನಿಂದ ಎರಡು ಮಾತು ಒಟ್ಟಿಗೇ ಕೇಳಿಬರುತ್ತಿವೆ. ಇನ್ನು ಮುಂದೆ ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರ, ಹೊತ್ತಿಗೆ ಸರಿಯಾಗಿ ಸಂಬಳ ಎಂಬುದು ಒಂದು. ಗುತ್ತಿಗೆ ಕಾರ್ಮಿಕರಿಗಿದ್ದ ಅಲ್ಪಸ್ವಲ್ಪ ಆಸರೆಯೂ ಹೋಯಿತು ಎಂಬುದು ಇನ್ನೊಂದು. ಕೋಲಾರದ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕಂಪನಿ ಬಸ್ ಹತ್ತುವವರಿಗೆ ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದಿದ್ದರೆ ಅದು ಅವರ ತಪ್ಪಲ್ಲ. ಎರಡೂ ಅರ್ಧರ್ಧ ನಿಜ.

ಗೊಂದಲದ ತಿರುಳಿನಲ್ಲಿರುವುದು ಒಂದು ಸರಳ ಪ್ರಶ್ನೆ. ಸಂಬಳ ಬಾರದಿದ್ದರೆ ಯಾರನ್ನು ಕೇಳಬೇಕು? ಕಾನೂನಿನ ಬಳಿ ಇದಕ್ಕೊಂದು ಉತ್ತರವಿದೆ. ಎಂಬತ್ತು ವರ್ಷಗಳ ಹಿಂದೆ ಇಂಗ್ಲಿಷ್ ನಾಟಕಕಾರ ಜೆ.ಬಿ. ಪ್ರೀಸ್ಟ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಊಟದ ಮೇಜಿನ ಸುತ್ತ ಕುಳಿತ ಐವರಿಗೆ ಕೇಳಿ, ಬೇರೆಯೇ ಉತ್ತರ ಹೊರಡಿಸಿದ. ಕೋಲಾರ, ತುಮಕೂರಿನ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ ಕುರುಕ್ಷೇತ್ರ ನಾಟಕದ ಮೂಲವಾದ ಮಹಾಭಾರತದಲ್ಲಿ ಮೂರನೆಯ ಉತ್ತರವೊಂದಿದೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಹೊಸ ಸಂಹಿತೆಗಳು ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ಕಾಣತೊಡಗುತ್ತದೆ.

ಕಾಗದದ ಮೇಲೆ ಯಾರು ಹೊಣೆ

ಗುತ್ತಿಗೆ ಕಾರ್ಮಿಕ ಪದ್ಧತಿಯಲ್ಲಿ ಮೂವರಿರುತ್ತಾರೆ. ಕೆಲಸ ಮಾಡುವವನು, ಅವನನ್ನು ಕಳಿಸಿಕೊಟ್ಟು ಸಂಬಳ ಹಾಕುವ ಗುತ್ತಿಗೆದಾರ, ಅಂದರೆ ಕಾರ್ಮಿಕರ ಮಾತಿನಲ್ಲಿ 'ಏಜೆನ್ಸಿ', ಕೆಲಸ ಮಾಡಿಸಿಕೊಳ್ಳುವ ಕಾರ್ಖಾನೆ, ಅಂದರೆ ಕಾನೂನಿನ ಮಾತಿನಲ್ಲಿ 'ಪ್ರಧಾನ ಮಾಲೀಕ'. ಒಂದೇ ಸಾಲಿನಲ್ಲಿ ನಿಂತು ಒಂದೇ ತಿರುಪು ಹಾಕುವ ಇಬ್ಬರಲ್ಲಿ ಒಬ್ಬಳು 'ಕಂಪನಿ ರೋಲ್', ಪಕ್ಕದವಳು 'ಏಜೆನ್ಸಿ ರೋಲ್' ಆಗಿರುವುದು ಇಂತಹ ಕಾರ್ಖಾನೆಗಳಲ್ಲಿ ಮಾಮೂಲು.

1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿಯೇ ಒಂದು ಮುಖ್ಯ ಮಾತಿತ್ತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕ ಕೊಡಬೇಕು, ಆಮೇಲೆ ಬೇಕಿದ್ದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಹೊಸ ಸಂಹಿತೆಗಳಲ್ಲೂ ಆ ಮಾತು ಉಳಿದಿದೆ. 2019ರ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸದಿಂದ ತೆಗೆದರೆ ಅಥವಾ ತಾನೇ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಗುತ್ತಿಗೆದಾರ ಕೈಯೆತ್ತಿದರೆ ಆ ಸಂಸ್ಥೆಯ ಒಡೆಯನೇ ಹೊಣೆ. ಸಂಹಿತೆಗಳನ್ನು ಮೆಚ್ಚುವವರು ತೋರಿಸುವುದು ಈ ಭಾಗವನ್ನು, ಅದರ ಜೊತೆಗೆ ಕಡ್ಡಾಯವಾದ ನೇಮಕಾತಿ ಪತ್ರವನ್ನು. ಇದನ್ನು ತಳ್ಳಿಹಾಕುವಂತಿಲ್ಲ.

ಕಾರ್ಮಿಕ ಸಂಘಗಳು ತೋರಿಸುವುದು ಬೇರೆ ಪುಟವನ್ನು. ಗುತ್ತಿಗೆ ಕಾರ್ಮಿಕರ ಕುರಿತ ನಿಯಮಗಳು ಕೇಂದ್ರದ ಹಳೆಯ ಕಾಯ್ದೆಯಲ್ಲಿ 20 ಮಂದಿ ಇದ್ದ ಕಡೆಯಿಂದಲೇ ಅನ್ವಯವಾಗುತ್ತಿದ್ದವು. ಈಗ ಆ ಗೆರೆ 50ಕ್ಕೆ ಏರಿದೆ. 49 ಜನರನ್ನು ಕಳಿಸುವ ಸಣ್ಣ ಏಜೆನ್ಸಿ ಈ ನಿಯಮಗಳ ಪರವಾನಗಿಯ ಜಾಲದಿಂದ ನುಣುಚಿಕೊಳ್ಳುತ್ತದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಬೇಕು. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ರಜೆ ಹಾಕಿದರೆ ಅದೂ ಮುಷ್ಕರವೇ. 'ಮುಖ್ಯ ಚಟುವಟಿಕೆ'ಗೆ ಗುತ್ತಿಗೆಯವರನ್ನು ಹಾಕಬಾರದು ಎಂಬ ನಿಷೇಧವೇನೋ ಇದೆ. ಆದರೆ ಕೆಲಸದ ಒತ್ತಡ ಹಠಾತ್ತನೆ ಏರಿದಾಗ ವಿನಾಯಿತಿ ಉಂಟು. ಹಂಗಾಮಿಗೆ ತಕ್ಕಂತೆ ಏರಿಳಿಯುವ ಮೊಬೈಲ್ ತಯಾರಿಕೆಗೆ ಇದು ಅಗಲವಾದ ಬಾಗಿಲು.

ಒಟ್ಟಿನಲ್ಲಿ ಹೊಣೆಯನ್ನು ಕಾನೂನು ಅಳಿಸಿಹಾಕಿಲ್ಲ. ಆದರೆ ಅದನ್ನು ಹುಡುಕಿಕೊಂಡು ಹೋಗುವ ದಾರಿ ಉದ್ದವಾಗಿದೆ.

2020ರ ಡಿಸೆಂಬರ್ 12

ಈ ದಾರಿ ಎಷ್ಟು ಉದ್ದವಾಗಬಲ್ಲದು ಎಂದು ಕೋಲಾರ ಜಿಲ್ಲೆ ಒಮ್ಮೆ ನೋಡಿದೆ. ಬೆಂಗಳೂರು-ಕೋಲಾರ ಹೆದ್ದಾರಿಯ ಪಕ್ಕದ ನರಸಾಪುರದಲ್ಲಿ ಆ್ಯಪಲ್ ಕಂಪನಿಗಾಗಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಘಟಕದಲ್ಲಿ ಆ ಶನಿವಾರ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರ ಸಿಟ್ಟು ಕಟ್ಟೆಯೊಡೆಯಿತು. ಗಾಜು ಒಡೆದವು, ವಾಹನಗಳು ಉರುಳಿದವು. ಸಂಬಳ ತಡ, ಹೇಳಿದ್ದಕ್ಕಿಂತ ಕಡಿಮೆ, ಹೆಚ್ಚುವರಿ ದುಡಿಮೆಯ ಹಣ ಲೆಕ್ಕಕ್ಕೇ ಸಿಗುತ್ತಿಲ್ಲ: ಕಾರ್ಮಿಕರ ದೂರು ಇಷ್ಟು. ನಷ್ಟ 437 ಕೋಟಿ ರೂಪಾಯಿ ಎಂದು ಮೊದಲು ಪೊಲೀಸ್ ದೂರಿನಲ್ಲಿ ಬಂತು. ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು 26ರಿಂದ 52 ಕೋಟಿಯ ಆಸುಪಾಸಿಗೆ ಇಳಿಸಿತು.

ಆಮೇಲೆ ಬಂದ ಕಾರ್ಖಾನೆಗಳ ಇಲಾಖೆಯ ವರದಿಯಲ್ಲಿ ಓದಬೇಕಾದದ್ದು ಗಾಜಿನ ಲೆಕ್ಕವನ್ನಲ್ಲ. ಸುಮಾರು 5,000 ಇದ್ದ ಕಾರ್ಮಿಕರ ಸಂಖ್ಯೆ ಸ್ವಲ್ಪವೇ ಸಮಯದಲ್ಲಿ 10,500ಕ್ಕೆ ಏರಿತ್ತು. ಬಹುಪಾಲು ಮಂದಿ ಏಜೆನ್ಸಿಗಳ ಮೂಲಕ ಬಂದವರು. ಪಾಳಿ ಎಂಟು ಗಂಟೆಯಿಂದ ಹನ್ನೆರಡಕ್ಕೆ ಬದಲಾಗಿತ್ತು. ಹಾಜರಾತಿ ದಾಖಲಿಸುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಇಲ್ಲಿ ಕಾರಣ-ಪರಿಣಾಮದ ಸರಪಳಿ ಸ್ಪಷ್ಟ: ಜನ ಇಮ್ಮಡಿಯಾದರು, ಗಂಟೆಗಳು ಬದಲಾದವು, ಗಂಟೆ ಎಣಿಸುವ ಯಂತ್ರ ತಪ್ಪಿತು, ತಪ್ಪು ಲೆಕ್ಕ ಏಜೆನ್ಸಿಗೆ ಹೋಯಿತು, ಏಜೆನ್ಸಿ ಅದನ್ನೇ ಸಂಬಳವಾಗಿ ಹಾಕಿತು. ಪ್ರಶ್ನೆ ಕೇಳಿದವನಿಗೆ ಏಜೆನ್ಸಿಯವರು ಕಂಪನಿಯತ್ತಲೂ ಕಂಪನಿಯವರು ಏಜೆನ್ಸಿಯತ್ತಲೂ ಬೆರಳು ತೋರಿಸಲು ಇದಕ್ಕಿಂತ ಅನುಕೂಲದ ಏರ್ಪಾಡು ಇನ್ನೊಂದಿಲ್ಲ.

ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಆ ಘಟಕ ಟಾಟಾ ಸಮೂಹದ ಪಾಲಾಯಿತು.

ಬಾಗಿಲು ಬಡಿದವನು

ಪ್ರೀಸ್ಟ್ಲಿ 'ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್' ಎಂಬ ನಾಟಕ ಬರೆದದ್ದು ಎರಡನೇ ಮಹಾಯುದ್ಧ ಮುಗಿಯುತ್ತಿದ್ದ 1944-45ರ ಚಳಿಗಾಲದಲ್ಲಿ. ಲಂಡನ್ನಿನಲ್ಲಿ ರಂಗಮಂದಿರ ಸಿಗದೆ ಅದು 1945ರಲ್ಲಿ ಮೊದಲು ಸೋವಿಯತ್ ಒಕ್ಕೂಟದಲ್ಲಿ ಆಡಲ್ಪಟ್ಟಿತು, 1946ರಲ್ಲಿ ಲಂಡನ್ನಿಗೆ ಬಂತು. ಆದರೆ ಕತೆ ನಡೆಯುವುದು 1912ರಲ್ಲಿ, ಬ್ರಮ್ಲಿ ಎಂಬ ಕಲ್ಪಿತ ಕೈಗಾರಿಕಾ ಊರಿನಲ್ಲಿ. ಈ ಮೂವತ್ತಮೂರು ವರ್ಷಗಳ ಅಂತರ ಲೆಕ್ಕಾಚಾರದ್ದು. ಯುದ್ಧ ಬರುವುದೇ ಇಲ್ಲ, ಟೈಟಾನಿಕ್ ಮುಳುಗುವುದೇ ಇಲ್ಲ ಎಂದು ರಂಗದ ಮೇಲೆ ಯಜಮಾನ ಘೋಷಿಸುವಾಗ, ಎರಡು ಯುದ್ಧ ಕಂಡು ಬಂದು ಕುಳಿತ ಪ್ರೇಕ್ಷಕನಿಗೆ ಅವನ ಉಳಿದ ಮಾತುಗಳ ಬೆಲೆಯೂ ಗೊತ್ತಾಗಿಬಿಡುತ್ತದೆ.

ಕತೆ ಚಿಕ್ಕದು. ಕಾರ್ಖಾನೆ ಮಾಲೀಕ ಆರ್ಥರ್ ಬರ್ಲಿಂಗ್‌ನ ಮನೆಯಲ್ಲಿ ಮಗಳ ನಿಶ್ಚಿತಾರ್ಥದ ಊಟ. ಮನುಷ್ಯ ತನ್ನನ್ನು, ತನ್ನವರನ್ನು ನೋಡಿಕೊಂಡರೆ ಸಾಕು ಎಂದು ಅವನು ಹುಡುಗರಿಗೆ ಬುದ್ಧಿ ಹೇಳುತ್ತಿರುವಾಗಲೇ ಬಾಗಿಲ ಗಂಟೆ ಬಾರಿಸುತ್ತದೆ. ಗೂಲ್ ಎಂಬ ಇನ್‌ಸ್ಪೆಕ್ಟರ್ ಬಂದಿದ್ದಾನೆ. ಇವಾ ಸ್ಮಿತ್ ಎಂಬ ಯುವತಿ ಸೋಂಕುನಾಶಕ ಕುಡಿದು ಸತ್ತಿದ್ದಾಳೆ. ಒಬ್ಬೊಬ್ಬರಾಗಿ ಐವರ ಪಾಲೂ ಹೊರಬರುತ್ತದೆ. ಸಂಬಳ ಹೆಚ್ಚಿಸಿ ಎಂದು ಮುಷ್ಕರ ಹೂಡಿದ್ದಕ್ಕೆ ಮಾಲೀಕ ಅವಳನ್ನು ಕೆಲಸದಿಂದ ತೆಗೆದಿದ್ದ. ಬಟ್ಟೆ ಅಂಗಡಿಯಲ್ಲಿ ಸಿಕ್ಕ ಎರಡನೇ ಕೆಲಸವನ್ನು ಮಗಳು ಶೀಲಾ ಹೋಗಿಸಿದ್ದಳು. ಭಾವೀ ಅಳಿಯ ಜೆರಾಲ್ಡ್ ಕೆಲವು ತಿಂಗಳು ಅವಳನ್ನು ಇಟ್ಟುಕೊಂಡು ಬಿಟ್ಟಿದ್ದ. ಮಗ ಎರಿಕ್ ಅವಳನ್ನು ಬಸುರಿ ಮಾಡಿದ್ದ. ಕೊನೆಗೆ ನೆರವು ಕೇಳಿ ಬಂದವಳನ್ನು ಮಹಿಳಾ ದತ್ತಿ ಸಂಸ್ಥೆಯಲ್ಲಿ ಪ್ರಭಾವಿಯಾಗಿದ್ದ ಯಜಮಾನಿ ಸಿಬಿಲ್ ಬರಿಗೈಯಲ್ಲಿ ಕಳಿಸಿದ್ದಳು.

ಇದನ್ನು ನೀತಿ ನಾಟಕದ ಸಾಲಿಗೆ ಸೇರಿಸುತ್ತಾರೆ. ಗುಣಗಳೇ ಪಾತ್ರಗಳಾಗಿ ಬರುವ ನಾಟಕಗಳು ಯೂರೋಪಿನಲ್ಲಿ ಮಧ್ಯಯುಗದಿಂದ ಇದ್ದವು. ನಮ್ಮಲ್ಲೂ 11ನೇ ಶತಮಾನದ ಕೃಷ್ಣಮಿಶ್ರನ ಸಂಸ್ಕೃತ ನಾಟಕ 'ಪ್ರಬೋಧಚಂದ್ರೋದಯ'ದಲ್ಲಿ ವಿವೇಕ, ಮಹಾಮೋಹ, ದಂಭ, ಅಹಂಕಾರಗಳೇ ರಂಗಕ್ಕೆ ಬರುತ್ತವೆ. ಪ್ರೀಸ್ಟ್ಲಿ ಮಾಡಿದ ಬದಲಾವಣೆ ಒಂದೇ, ಆದರೆ ದೊಡ್ಡದು. ಅವನು ಗುಣಗಳಿಗೆ ಉದ್ಯೋಗ ಕೊಟ್ಟ. ಲೋಭ ಎಂಬ ಪಾತ್ರವಿಲ್ಲ. ಊರಿನ ಮೇಯರ್ ಆಗಿದ್ದ, ಬಿರುದಿಗಾಗಿ ಕಾದಿರುವ ಗೌರವಸ್ಥ ಮಾಲೀಕನಿದ್ದಾನೆ. ಕ್ರೌರ್ಯ ಎಂಬ ಪಾತ್ರವಿಲ್ಲ. ದಾನಧರ್ಮದ ಸಂಸ್ಥೆ ನಡೆಸುವ ಹೆಂಗಸಿದ್ದಾಳೆ. ಕೆಟ್ಟತನವನ್ನು ಕೆಟ್ಟವರಿಂದ ಬಿಡಿಸಿ ಹುದ್ದೆಗಳಲ್ಲಿ ಕೂರಿಸಿದ್ದರಿಂದಲೇ ಈ ನಾಟಕ ನರಸಾಪುರದ ಚರ್ಚೆಗೆ ಉಪಯೋಗಕ್ಕೆ ಬರುತ್ತದೆ.

ಒಬ್ಬರಿಗೆ ಒಂದು ಸಲ ತೋರಿಸುವ ಫೋಟೊ

ಇನ್‌ಸ್ಪೆಕ್ಟರ್ ಸತ್ತವಳ ಫೋಟೊ ತಂದಿದ್ದಾನೆ. ಆದರೆ ಅದನ್ನು ಎಲ್ಲರ ಮುಂದೆ ಹಿಡಿಯುವುದಿಲ್ಲ. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಪಕ್ಕದವರು ಇಣುಕಲು ಬಂದರೆ ತಡೆಯುತ್ತಾನೆ. ಇದು ತನ್ನ ವಿಚಾರಣೆಯ ಪದ್ಧತಿ ಎನ್ನುತ್ತಾನೆ.

ನಾಟಕದ ಮೊದಲ ಎರಡು ಅಂಕಗಳಲ್ಲಿ ಇದು ಜಾಣ ತಂತ್ರದಂತೆ ಕಾಣುತ್ತದೆ. ಮೂರನೇ ಅಂಕದಲ್ಲಿ ಅದೇ ತಂತ್ರ ತಿರುಗಿಬೀಳುತ್ತದೆ. ಅವನು ಹೊರಟುಹೋದ ಮೇಲೆ ಜೆರಾಲ್ಡ್ ಲೆಕ್ಕ ಹಾಕುತ್ತಾನೆ: ಊರಿನ ಪೊಲೀಸಿನಲ್ಲಿ ಗೂಲ್ ಎಂಬ ಇನ್‌ಸ್ಪೆಕ್ಟರನೇ ಇಲ್ಲ. ಎಲ್ಲರೂ ನೋಡಿದ್ದು ಒಂದೇ ಫೋಟೊ ಎಂದು ಏನು ಖಾತರಿ? ಕಾರ್ಖಾನೆಯಿಂದ ಹೋದವಳು ಒಬ್ಬಳು, ಅಂಗಡಿಯವಳು ಇನ್ನೊಬ್ಬಳು, ನೆರವು ಕೇಳಿದವಳು ಮತ್ತೊಬ್ಬಳು ಇರಬಹುದಲ್ಲ? ಆಸ್ಪತ್ರೆಗೆ ಫೋನ್ ಮಾಡಿದರೆ ಅಂತಹ ಸಾವೇ ಆಗಿಲ್ಲ ಎಂಬ ಉತ್ತರ. ಹಿರಿಯರ ಮುಖ ಅರಳುತ್ತದೆ. ಐದು ಹುಡುಗಿಯರಿಗೆ ಐದು ಸಣ್ಣ ಅನ್ಯಾಯ. ಒಬ್ಬಳನ್ನು ಕೊಂದವರು ಯಾರೂ ಇಲ್ಲ.

ಗುತ್ತಿಗೆ ಪದ್ಧತಿ ಪ್ರತಿದಿನ ಮಾಡುವುದು ಈ ಲೆಕ್ಕವನ್ನೇ. ಏಜೆನ್ಸಿಯ ಕಡತದಲ್ಲಿ ಅವಳು ಒಂದು ಹೆಸರು. ಕಾರ್ಖಾನೆಯ ಗೇಟಿನಲ್ಲಿ ಒಂದು ಬ್ಯಾಡ್ಜ್ ಸಂಖ್ಯೆ. ಹಾಜರಾತಿ ಯಂತ್ರದಲ್ಲಿ ಒಂದು ಬೆರಳಚ್ಚು. ಭವಿಷ್ಯನಿಧಿಯ ದಾಖಲೆಯಲ್ಲಿ ಇನ್ನೊಂದು ಸಂಖ್ಯೆ, ಪಿ.ಜಿ. ನಡೆಸುವವನಿಗೆ ಒಂದು ಹಾಸಿಗೆ. ಪ್ರತಿಯೊಬ್ಬರೂ ತಾವು ನೋಡಿದ ಫೋಟೊದ ಬಗ್ಗೆ ಮಾತ್ರ ಮಾತನಾಡುತ್ತಾರೆ. ಪೇ ಸ್ಲಿಪ್ಪಿನಲ್ಲಿ ನಾಲ್ಕು ಗಂಟೆಯ ಓ.ಟಿ. ಕಾಣೆಯಾಗಿದ್ದರೆ ಅದು ಯಾವ ಫೋಟೊದಲ್ಲಿ ಕಾಣೆಯಾಯಿತು ಎಂದು ಹುಡುಕುವ ಕೆಲಸ ಅವಳದೇ. ಯಾರೂ ಸುಳ್ಳು ಹೇಳಬೇಕಿಲ್ಲ, ಯಾರೂ ದುಷ್ಟರಾಗಬೇಕಿಲ್ಲ. ಫೋಟೊಗಳನ್ನು ಒಟ್ಟಿಗೆ ಇಡದಿದ್ದರೆ ಸಾಕು.

ಬರ್ಲಿಂಗ್ ಹೇಳುವುದರಲ್ಲೂ ತೂಕವಿದೆ

ನಾಟಕ ಬರ್ಲಿಂಗ್‌ಗೆ ನ್ಯಾಯ ಒದಗಿಸಿಲ್ಲ. ಅವನ ಬಾಯಿಂದ ಟೈಟಾನಿಕ್‌ನ ಮಾತು ಆಡಿಸಿ ಮೊದಲೇ ನಗೆಪಾಟಲು ಮಾಡಿದ ಮೇಲೆ ಅವನ ಆರ್ಥಿಕ ವಾದವನ್ನು ಯಾರು ಕೇಳುತ್ತಾರೆ? ಆದರೆ ಆ ವಾದ ಇವತ್ತಿಗೂ ಜೀವಂತವಾಗಿರುವುದರಿಂದ ಕೇಳಿಸಿಕೊಳ್ಳಲೇಬೇಕು. ಅವನ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ವಾರಕ್ಕೆ ಸರಾಸರಿ ಇಪ್ಪತ್ತೆರಡೂವರೆ ಷಿಲಿಂಗ್ ಸಿಗುತ್ತಿತ್ತು, ಅವರು ಕೇಳಿದ್ದು 25. ಒಪ್ಪಿದರೆ ಕೂಲಿಯ ಖರ್ಚು ಶೇ 12ರಷ್ಟು ಏರುತ್ತಿತ್ತು ಎಂಬುದು ಅವನ ಲೆಕ್ಕ. ಪಕ್ಕದವನೂ ಅಷ್ಟೇ ಕೊಡುತ್ತಿರುವಾಗ ತಾನೊಬ್ಬನೇ ಯಾಕೆ ಹೆಚ್ಚು ಕೊಡಬೇಕು ಎಂಬುದು ಅವನ ತರ್ಕ.

ನರಸಾಪುರದ ಉದ್ಯಮಿಯ ತರ್ಕವೂ ಇದರ ಅಣ್ಣತಮ್ಮನೇ. ಆರ್ಡರ್ ಹಂಗಾಮಿಗೆ ತಕ್ಕಂತೆ ಬರುತ್ತದೆ. ಹೊಸ ಮಾದರಿ ಬಿಡುಗಡೆಯಾಗುವ ಮೊದಲು ಎರಡು ಪಟ್ಟು ಜನ ಬೇಕು, ಆಮೇಲೆ ಬೇಡ. ಎಲ್ಲರನ್ನೂ ಕಾಯಂ ಮಾಡಿದರೆ ಆರ್ಡರ್ ತಮಿಳುನಾಡಿನ ಶ್ರೀಪೆರುಂಬುದೂರಿಗೋ ವಿಯೆಟ್ನಾಮಿಗೋ ಹೋಗುತ್ತದೆ. ಕೆಲಸವೇ ಇಲ್ಲದಿದ್ದರೆ ಸಂಬಳದ ಪ್ರಶ್ನೆ ಎಲ್ಲಿಂದ ಬಂತು? ಸಾವಿರಾರು ಅಡಿ ಕೊರೆದರೂ ನೀರು ಕಾಣದ ಬೋರ್‌ವೆಲ್ಲುಗಳ ಜಿಲ್ಲೆಯಲ್ಲಿ, ಹೊಲ ಬಿಟ್ಟು ಬಂದವರ ಮಕ್ಕಳಿಗೆ ಈ ಕಾರ್ಖಾನೆಗಳು ಕೊಟ್ಟಿರುವ ಕೆಲಸವನ್ನು ಹಗುರವಾಗಿ ಕಾಣಲು ಬರುವುದಿಲ್ಲ.

ಈ ವಾದ ಸೋಲುವ ಜಾಗ ಬೇರೆ. ಜನರನ್ನು ಹಂಗಾಮಿಗೆ ತಕ್ಕಂತೆ ತೆಗೆದುಕೊಳ್ಳುವುದು ಒಂದು ವಿಷಯ. ತೆಗೆದುಕೊಂಡವರ ಗಂಟೆಗಳನ್ನು ಸರಿಯಾಗಿ ಎಣಿಸದಿರುವುದು ಇನ್ನೊಂದು. ಮೊದಲನೆಯದಕ್ಕೆ ಸ್ಪರ್ಧೆ ಕಾರಣವಾಗಬಹುದು. ಎರಡನೆಯದಕ್ಕೆ ಸ್ಪರ್ಧೆಯನ್ನು ಗುರಾಣಿ ಮಾಡಿಕೊಳ್ಳುವುದು ಹುಸಿ. 2020ರಲ್ಲಿ ಆದದ್ದು ಎರಡನೆಯದು.

ಅಂಗಡಿಗೆ ಬಂದ ಗಿರಾಕಿ

ಐವರಲ್ಲಿ ಇಂದಿನ ಓದುಗನಿಗೆ ಅತಿ ಹತ್ತಿರದವಳು ಶೀಲಾ. ಅವಳು ಮಾಲೀಕಳಲ್ಲ, ಕೆಟ್ಟವಳೂ ಅಲ್ಲ; ಒಬ್ಬ ಗಿರಾಕಿ. ಅಂಗಡಿಯಲ್ಲಿ ಹಟ ಮಾಡಿ ಒಂದು ಉಡುಪು ತೊಟ್ಟು ನೋಡುತ್ತಾಳೆ, ಅದು ಒಪ್ಪುವುದಿಲ್ಲ. ಕೆಲಸದ ಹುಡುಗಿ ಅದನ್ನು ತನ್ನ ಮೈಗೆ ಹಿಡಿದಾಗ ಅವಳಿಗೆ ಒಪ್ಪುತ್ತದೆ. ಕನ್ನಡಿಯಲ್ಲಿ ಆ ಹುಡುಗಿ ಮುಗುಳ್ನಕ್ಕದ್ದು ಕಾಣಿಸುತ್ತದೆ. ಶೀಲಾ ನೇರವಾಗಿ ಮ್ಯಾನೇಜರ್ ಬಳಿ ಹೋಗಿ, ಅವಳನ್ನು ತೆಗೆಯದಿದ್ದರೆ ತಮ್ಮ ಮನೆಯ ಖಾತೆ ಮುಚ್ಚಿಸುತ್ತೇನೆ ಎನ್ನುತ್ತಾಳೆ. ಕೆಲಸ ಹೋಗುತ್ತದೆ.

ಗಿರಾಕಿಯ ಒಂದು ಮಾತಿಗೆ ಇರುವ ಬಲ ಇದು. ನರಸಾಪುರದಲ್ಲಿ ಈ ಬಲ ಎದುರು ದಿಕ್ಕಿನಲ್ಲಿ ಕೆಲಸ ಮಾಡಿತು. ಗಲಭೆಯಾದ ಒಂದೇ ವಾರಕ್ಕೆ, ಡಿಸೆಂಬರ್ 19ರಂದು, ಆ್ಯಪಲ್ ವಿಸ್ಟ್ರಾನನ್ನು ನಿಗಾವಣೆಯಲ್ಲಿಟ್ಟಿತು; ತಪ್ಪು ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ಕೆಲಸದ ಗಂಟೆಗಳ ನಿರ್ವಹಣೆ ಸರಿಯಿಲ್ಲದೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರ ಸಂಬಳ ತಡವಾದದ್ದನ್ನು ಒಪ್ಪಿಕೊಂಡಿತು. ಐವತ್ತು ವರ್ಷದ ಕಾಯ್ದೆಯೊಂದು ಕಪಾಟಿನಲ್ಲಿ ಕುಳಿತು ಮಾಡಿಸಲಾರದ್ದನ್ನು ದೊಡ್ಡ ಗಿರಾಕಿಯೊಬ್ಬ ಏಳು ದಿನಗಳಲ್ಲಿ ಮಾಡಿಸಿದ.

ಇದನ್ನು ಒಳ್ಳೆಯ ಸುದ್ದಿ ಎಂದು ಮುಗಿಸಿಬಿಡುವುದು ಸುಲಭ. ಆದರೆ ನಾಟಕ ಇಲ್ಲೊಂದು ಎಚ್ಚರಿಕೆ ಇಟ್ಟಿದೆ: ಹುಡುಗಿಯ ಕೆಲಸ ಉಳಿಸಬಲ್ಲ ಬಲ, ಹಾಳು ಮೂಡಿನ ದಿನ ಅದನ್ನು ಕಳೆಯಬಲ್ಲ ಬಲವೂ ಹೌದು. ಕ್ಯಾಮೆರಾಗಳು ಬಂದದ್ದರಿಂದ, ಜಗತ್ತು ಗುರುತಿಸುವ ಬ್ರ್ಯಾಂಡ್ ಆಗಿದ್ದರಿಂದ ನರಸಾಪುರಕ್ಕೆ ಉತ್ತರ ಸಿಕ್ಕಿತು. ವೇಮಗಲ್ಲಿನಲ್ಲಿ ಯಾರಿಗೂ ಹೆಸರು ಗೊತ್ತಿಲ್ಲದ ಬಿಡಿಭಾಗ ಮಾಡುವ ಶೆಡ್ಡಿಗೆ ಅಂತಹ ಗಿರಾಕಿ ಎಲ್ಲಿದ್ದಾನೆ? ಭಾರತದ ಕಾನೂನಿನ ಸರಪಳಿಯಂತೂ ಪ್ರಧಾನ ಮಾಲೀಕನ ಬಳಿಗೆ ಬಂದು ನಿಂತುಬಿಡುತ್ತದೆ. ಮಾಲು ಕೊಳ್ಳುವ ಬ್ರ್ಯಾಂಡಿನ ತನಕ ಸಂಬಳದ ಹೊಣೆ ಏರುವುದಿಲ್ಲ. ಅದು ಅವರ ಔದಾರ್ಯ ಅಥವಾ ಅಂಜಿಕೆಗೆ ಬಿಟ್ಟದ್ದು.

ವಿದುರನ ಲೆಕ್ಕ

ಕೋಲಾರ, ತುಮಕೂರು ಸೀಮೆಯಲ್ಲಿ ಹಳ್ಳಿಯವರೇ ಬಣ್ಣ ಹಚ್ಚಿ ಆಡುವ ಪೌರಾಣಿಕ ನಾಟಕಗಳಲ್ಲಿ ಪಾತ್ರಕ್ಕೆ ಸಂಬಳವಿಲ್ಲ, ಪಾತ್ರಧಾರಿಯೇ ಹಣ ಕಟ್ಟಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು. ಹಿಂದೆ ನಿಲ್ಲುವವರಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಗೆ ತಂದ ಸೀನರಿ, ಪೇಟೆಯಿಂದ ಕರೆಸಿದ ದ್ರೌಪದಿ. ಗದೆ ಹೆಗಲಿಗಿಟ್ಟವನ ಪಾಲಿಗೆ ಹಾಡು, ಶಿಳ್ಳೆ, ನೋಟಿನ ಹಾರ. ಸಭೆಯಲ್ಲಿ ತಲೆತಗ್ಗಿಸಿ ಕೂರುವ ಪಾತ್ರಕ್ಕೆ ಹಣ ಕಟ್ಟಲು ಯಾರಿಗೂ ಅವಸರವಿಲ್ಲ.

ಮಹಾಭಾರತದ ಸಭಾಪರ್ವದ ಗಮನವಾದರೋ ಆ ತಲೆತಗ್ಗಿಸಿದವರ ಮೇಲೆ. ತನ್ನನ್ನು ತಾನು ಸೋತ ಮೇಲೆ ಧರ್ಮರಾಯನಿಗೆ ನನ್ನನ್ನು ಪಣವಿಡುವ ಹಕ್ಕು ಎಲ್ಲಿತ್ತು ಎಂದು ದ್ರೌಪದಿ ಕೇಳುತ್ತಾಳೆ. ಭೀಷ್ಮ ಧರ್ಮ ಸೂಕ್ಷ್ಮ ಎಂದು ಜಾರಿಕೊಳ್ಳುತ್ತಾನೆ. ಕೌರವರಲ್ಲೇ ಒಬ್ಬನಾದ, ದುರ್ಯೋಧನನ ತಮ್ಮ ವಿಕರ್ಣ ಎದ್ದು ನಿಂತು ಇದು ಅನ್ಯಾಯ ಎನ್ನುತ್ತಾನೆ. ಆಗ ವಿದುರ ಪ್ರಹ್ಲಾದ-ಕಶ್ಯಪರ ಹಳೆಯ ಪ್ರಸಂಗವೊಂದನ್ನು ಎತ್ತಿ ಲೆಕ್ಕ ಒಪ್ಪಿಸುತ್ತಾನೆ: ನಿಂದಿಸಬೇಕಾದದ್ದನ್ನು ಸಭೆ ನಿಂದಿಸದಿದ್ದರೆ ಪಾಪದ ಅರ್ಧ ಸಭೆಯ ಮುಖ್ಯಸ್ಥನಿಗೆ, ಕಾಲು ಮಾಡಿದವನಿಗೆ, ಕಾಲು ಸುಮ್ಮನೆ ಕುಳಿತವರಿಗೆ.

ಈ ಲೆಕ್ಕದಲ್ಲಿ ಬೆರಗಾಗಿಸುವುದು ಮಾಡಿದವನ ಪಾಲು. ಕೈಯಾರೆ ಮಾಡಿದವನಿಗೆ ಕಾಲೇ ಭಾಗ. ತಡೆಯಬಲ್ಲ ಸ್ಥಾನದಲ್ಲಿದ್ದವನಿಗೆ ಅದರ ಎರಡರಷ್ಟು. ನಮ್ಮ ಕಾನೂನು ತದ್ವಿರುದ್ಧವಾಗಿ ನಡೆಯುತ್ತದೆ. ಮೊದಲು ಸಂಬಳ ಹಾಕಬೇಕಾಗಿದ್ದ ಏಜೆನ್ಸಿಯನ್ನು ಹಿಡಿಯುತ್ತದೆ, ಅದು ಸೋತರೆ ಮಾತ್ರ ಕಾರ್ಖಾನೆಯ ಕಡೆ ತಿರುಗುತ್ತದೆ, ಕಾರ್ಖಾನೆಗೂ ತಾನು ಕೊಟ್ಟದ್ದನ್ನು ಏಜೆನ್ಸಿಯಿಂದ ಹಿಂಪಡೆಯುವ ದಾರಿ ಬಿಡುತ್ತದೆ. ಪ್ರೀಸ್ಟ್ಲಿಯ ಇನ್‌ಸ್ಪೆಕ್ಟರ್ ಇವೆರಡರ ಗೋಜಿಗೂ ಹೋಗುವುದಿಲ್ಲ. ಅವನು ಪಾಲು ಹಂಚುವುದೇ ಇಲ್ಲ. ಐವರ ಮುಂದೆಯೂ ಇಡೀ ಸಾವನ್ನೇ ಇಡುತ್ತಾನೆ. ನಾಟಕವಾಗಿ ಇದು ಹೊಡೆತ ಕೊಡುತ್ತದೆ, ಆಡಳಿತವಾಗಿ ನಡೆಯುವುದಿಲ್ಲ. ಎಲ್ಲರೂ ಸಮಾನ ಹೊಣೆಗಾರರು ಎಂದರೆ ಚೆಕ್ ಬರೆಯುವವರು ಯಾರು? ದಿನನಿತ್ಯದ ಬಳಕೆಗೆ ವಿದುರನ ಲೆಕ್ಕವೇ ಹೆಚ್ಚು ಗಟ್ಟಿ, ಅಧಿಕಾರ ಎಷ್ಟಿದೆಯೋ ಅಷ್ಟು ಪಾಲು ಎನ್ನುವುದರಿಂದ. ಪಾಳಿಯ ಗಂಟೆ ನಿರ್ಧರಿಸಿದ್ದು ಏಜೆನ್ಸಿಯಲ್ಲ, ಕಾರ್ಖಾನೆ.

ನಾಟಕ ಎಡವುವ ಕಡೆ

ಇವಾ ಸ್ಮಿತ್ ರಂಗಕ್ಕೆ ಬರುವುದೇ ಇಲ್ಲ. ಅವಳ ದಿನಚರಿ, ಅವಳ ಫೋಟೊ, ಅವಳ ಬಗ್ಗೆ ಐವರ ಮಾತು ಇಷ್ಟೇ. ಅವಳ ವರ್ಗದವಳೊಬ್ಬಳು ರಂಗದ ಮೇಲೆ ಇದ್ದಾಳೆ: ಕೆಲಸದಾಕೆ ಎಡ್ನಾ. ಗ್ಲಾಸು ತೆಗೆಯುತ್ತಾಳೆ, ಬಾಗಿಲು ತೆರೆಯುತ್ತಾಳೆ, ಇನ್‌ಸ್ಪೆಕ್ಟರ್ ಬಂದಿದ್ದಾರೆ ಎಂದು ಹೇಳುತ್ತಾಳೆ. ಹೊಣೆಯ ಬಗ್ಗೆ ಅಷ್ಟೆಲ್ಲ ಮಾತು ನಡೆಯುವ ಆ ಮನೆಯಲ್ಲಿ ಅವಳನ್ನು ಒಂದು ಮಾತೂ ಕೇಳುವವರಿಲ್ಲ. ನಾಟಕಕಾರ ಇದನ್ನು ಬೇಕೆಂದೇ ಮಾಡಿದನೋ ಅವನಿಗೂ ಅವಳು ಕಾಣಿಸಲಿಲ್ಲವೋ, ಎರಡು ಓದಿಗೂ ಜಾಗವಿದೆ.

ಇವಾ ಸತ್ತವಳು, ತೀರ ಒಳ್ಳೆಯವಳು. ಕದ್ದ ಹಣ ಎಂದು ಗೊತ್ತಾದಾಗ ಎರಿಕ್‌ನ ನೆರವನ್ನೂ ಬೇಡವೆಂದವಳು. ಅಂತಹವಳಿಗೆ ಕಣ್ಣೀರು ಹಾಕಲು ಪ್ರೇಕ್ಷಕನಿಗೆ ಕಷ್ಟವಿಲ್ಲ. ನರಸಾಪುರ ಅಷ್ಟು ಸುಲಭವಾಗಿರಲಿಲ್ಲ. ಅಲ್ಲಿ ಸಂಬಳ ಸಿಗದವರು ಬದುಕಿದ್ದರು, ಸಿಟ್ಟಾದರು, ಅವರಲ್ಲಿ ಕೆಲವರು ಗಾಜು ಒಡೆದರು. ಅನ್ಯಾಯಕ್ಕೊಳಗಾದವರೂ ಆರೋಪಿಗಳೂ ಒಂದೇ ಜನಸಮೂಹದಲ್ಲಿದ್ದರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಒಡೆದ ಗಾಜಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಪೊಲೀಸರು ವೇಗವಾಗಿ ಹೆಸರು ಹುಡುಕಿದರು. ಮುರಿದ ಹಾಜರಾತಿ ಯಂತ್ರಕ್ಕೆ ಹೊಣೆ ಯಾರು ಎಂಬುದಕ್ಕೆ ಹೆಸರು ಹುಡುಕುವ ಠಾಣೆ ಇರಲಿಲ್ಲ. ಹಿಂಸೆಯನ್ನು ಒಪ್ಪದೆಯೂ ಈ ಅಂತರವನ್ನು ಗಮನಿಸಬಹುದು.

ಸಿಬಿಲ್ ಬರ್ಲಿಂಗ್‌ಳ ದೃಶ್ಯ ಮಾತ್ರ ಇಲ್ಲಿಗೆ ಹಾಗೆಯೇ ಹೊಂದುತ್ತದೆ. ಇಂಗ್ಲೆಂಡಿನಲ್ಲಿ ಆಗತಾನೇ ಬಂದಿದ್ದ 1911ರ ವಿಮಾ ಕಾಯ್ದೆಯ ನಿರುದ್ಯೋಗ ಭತ್ಯೆ ಕೆಲವೇ ಉದ್ಯಮಗಳಿಗೆ ಸೀಮಿತವಾಗಿತ್ತು. ಇವಾಳಂತಹವರಿಗೆ ಉಳಿದದ್ದು ದತ್ತಿ ಸಂಸ್ಥೆಗಳ ಬಾಗಿಲು. ಆ ಬಾಗಿಲಲ್ಲಿ ಕುಳಿತವಳು ಹೇಳುವುದು: ಮಗುವಿನ ತಂದೆಯನ್ನು ಹೋಗಿ ಕೇಳು, ಹೊಣೆ ಅವನದು. ಅವನನ್ನು ಬಿಡಬೇಡಿ ಎಂದು ಇನ್‌ಸ್ಪೆಕ್ಟರಿಗೂ ತಾಕೀತು ಮಾಡುತ್ತಾಳೆ. ಆ ತಂದೆ ತನ್ನ ಮಗನೇ ಎಂದು ತಿಳಿಯುವ ಹೊತ್ತಿಗೆ ಮಾತು ಬಾಯಿಂದ ಜಾರಿಯಾಗಿರುತ್ತದೆ. ಹೊಣೆಯನ್ನು ಆಚೆಗೆ ತಳ್ಳುವ ಮಾತು ತಳ್ಳಿದವರ ಮನೆಗೇ ಬಂದು ಬೀಳುವುದು ಹೇಗೆಂದು ತೋರಿಸುವ ಇದಕ್ಕಿಂತ ಚೊಕ್ಕ ದೃಶ್ಯ ನಾಟಕದಲ್ಲಿ ಮತ್ತೊಂದಿಲ್ಲ.

ಮುಂದೆ ಏನಾಗಬಹುದು

ಸಣ್ಣ ಏಜೆನ್ಸಿಗಳು ಹೆಚ್ಚುವ ಸಾಧ್ಯತೆ ಇದೆ. 200 ಜನರನ್ನು ಒಬ್ಬನೇ ಕಳಿಸುವ ಬದಲು ಐದು ಹೆಸರಿನಲ್ಲಿ ನಲವತ್ತು ನಲವತ್ತು ಜನರನ್ನು ಕಳಿಸಿದರೆ ಪ್ರತಿ ಹೆಸರೂ 50ರ ಗೆರೆಯ ಕೆಳಗೆ ಉಳಿಯುತ್ತದೆ. ಆಗಲೂ ವೇತನ ಸಂಹಿತೆ ಅನ್ವಯವಾಗುತ್ತದೆ ಎಂಬುದನ್ನು ಕಾರ್ಮಿಕರು ನೆನಪಿಡಬೇಕು. ಅದಕ್ಕೆ ತಲೆಯೆಣಿಕೆಯ ಗೆರೆಯಿಲ್ಲ. ಸಂಬಳದ ಹಕ್ಕು ಉಳಿಯುತ್ತದೆ, ಆದರೆ ಪರವಾನಗಿ ಎಂಬ ಹೆಜ್ಜೆ ಗುರುತು ಅಳಿಸಿಹೋಗುತ್ತದೆ.

ನೇಮಕಾತಿ ಪತ್ರದಿಂದ ಲಾಭವಾಗುವುದು ಖಂಡಿತ. ಇಷ್ಟು ಕೊಡುತ್ತೇವೆಂದು ಬಾಯಲ್ಲಿ ಹೇಳಿ ಕೈಗೆ ಬೇರೆಯೇ ಮೊತ್ತ ಕೊಡುವುದು ಕಾಗದವಿದ್ದಾಗ ಕಷ್ಟ. ಆದರೆ ಗುತ್ತಿಗೆಯವಳಿಗೆ ಪತ್ರ ಬರುವುದು ಏಜೆನ್ಸಿಯ ಹೆಸರಿನಲ್ಲಿ. ಅವಳು ದಿನಾ ಹನ್ನೆರಡು ಗಂಟೆ ಕಳೆಯುವ ಕಾರ್ಖಾನೆ ಅದರಲ್ಲಿ ಒಂದು ವಿಳಾಸವಾಗಿ ಮಾತ್ರ ಇದ್ದರೆ, ಎರಡು ಫೋಟೊಗಳು ಬೇರೆ ಬೇರೆಯೇ ಉಳಿದವು.

ಮುಷ್ಕರದ 14 ದಿನದ ನೋಟಿಸು ಸಂಘಟನೆ ಇರುವ ಕಡೆ ಮಾತುಕತೆಗೆ ಸಮಯ ಕೊಡಬಹುದು. ಸಂಘವೇ ಇಲ್ಲದ ಕಡೆ ನೋಟಿಸಿಗೆ ಸಹಿ ಹಾಕುವವರು ಯಾರು? ಸಹಿ ಹಾಕುವವರಿಲ್ಲದಲ್ಲಿ ಅಸಮಾಧಾನ ನೋಟಿಸಾಗುವುದಿಲ್ಲ, ಒಂದು ಬೆಳಿಗ್ಗೆ ಪಾಳಿ ಬದಲಾಗುವಾಗ ಸದ್ದಾಗುತ್ತದೆ.

ಉಳಿದದ್ದು ಇನ್‌ಸ್ಪೆಕ್ಟರ್. ಹೊಸ ಸಂಹಿತೆಗಳಲ್ಲಿ ಅವನ ಹುದ್ದೆಯ ಹೆಸರೇ ಬದಲಾಗಿದೆ: ಈಗ ಅವನು ಇನ್‌ಸ್ಪೆಕ್ಟರ್ ಜೊತೆಗೆ ಫೆಸಿಲಿಟೇಟರ್, ಅಂದರೆ ತನಿಖೆಯ ಜೊತೆಗೆ ನೆರವನ್ನೂ ನೀಡಬೇಕಾದವನು. ಯಾವ ಕಾರ್ಖಾನೆಗೆ ತಪಾಸಣೆಗೆ ಹೋಗಬೇಕೆಂಬುದನ್ನು ಗಣಕಯಂತ್ರ ಆರಿಸಿಕೊಡುವ ವ್ಯವಸ್ಥೆಗೆ ದಾರಿಯಾಗಿದೆ. ಸಂಬಳದ ತಪ್ಪು ಸಿಕ್ಕರೆ ವೇತನ ಸಂಹಿತೆಯಡಿ ಅವನು ನೇರವಾಗಿ ಮೊಕದ್ದಮೆ ಹೂಡುವಂತಿಲ್ಲ; ಇಂತಿಷ್ಟು ದಿನದಲ್ಲಿ ಸರಿಪಡಿಸಿ ಎಂದು ಮೊದಲು ಬರೆದು ಕೊಡಬೇಕು, ಸರಿಪಡಿಸಿದರೆ ಅಲ್ಲಿಗೆ ಮುಗಿಯಿತು. ಅದೇ ತಪ್ಪು ಐದು ವರ್ಷದೊಳಗೆ ಮರುಕಳಿಸಿದರೆ ಮಾತ್ರ ಆ ರಿಯಾಯಿತಿ ಇಲ್ಲ. ಲಂಚ, ಕಿರುಕುಳಗಳ 'ಇನ್‌ಸ್ಪೆಕ್ಟರ್ ರಾಜ್' ಮುಗಿಯಿತು ಎಂದು ಉದ್ಯಮಗಳು ಸ್ವಾಗತಿಸುತ್ತವೆ. ಹಲ್ಲು ಕಿತ್ತ ಇನ್‌ಸ್ಪೆಕ್ಟರ್ ಎಂದು ಸಂಘಗಳು ದೂರುತ್ತವೆ. ಬಾಕಿ ಸಂಬಳ ಬೇಗ ಕೈಗೆ ಬರುವುದಾದರೆ ಮೊಕದ್ದಮೆಗಿಂತ ಇದೇ ಮೇಲು. ಬಾಕಿ ಇದೆ ಎಂದು ಅವನಿಗೆ ಗೊತ್ತಾಗುವುದು ಹೇಗೆ ಎಂಬುದು ಕಷ್ಟದ ಪ್ರಶ್ನೆ, ಏಕೆಂದರೆ ಅವನು ಬಿಡಿಸುವ ಕಡತ ಒಂದು, ಏಜೆನ್ಸಿಯ ಕಪಾಟಿನಲ್ಲಿರುವ ಕಡತ ಇನ್ನೊಂದು.

ಪ್ರೀಸ್ಟ್ಲಿಯ ನಾಟಕದ ಕೊನೆಯಲ್ಲಿ, ಹಿರಿಯರು ನಿರಾಳವಾಗಿ ನಗುತ್ತಿರುವಾಗ, ಫೋನ್ ಬಾರಿಸುತ್ತದೆ. ಯುವತಿಯೊಬ್ಬಳು ಆಸ್ಪತ್ರೆಯ ದಾರಿಯಲ್ಲಿ ಈಗಷ್ಟೇ ಸತ್ತಿದ್ದಾಳೆ. ಕೆಲವು ಪ್ರಶ್ನೆ ಕೇಳಲು ಪೊಲೀಸ್ ಇನ್‌ಸ್ಪೆಕ್ಟರ್ ಹೊರಟಿದ್ದಾನೆ. ಪರದೆ ಬೀಳುತ್ತದೆ. ಈ ಎರಡನೆಯವನು ಬಂದು ಏನು ಕೇಳಿದ, ಅವನ ಬಳಿ ಎಷ್ಟು ಫೋಟೊ ಇದ್ದವು ಎಂಬುದನ್ನು ಪ್ರೀಸ್ಟ್ಲಿ ಬರೆಯಲಿಲ್ಲ.